ಮಿಕೆಲ್ ಹ್ಯಾನ್ಸನ್ ಅವರ ಕೈಯಿಂದ ಹೊರಟ ಪಾಸುಗಳು

ಡೆನ್ಮಾರ್ಕಿನ ಹ್ಯಾಂಡ್‌ಬಾಲ್ ಆಟಗಾರ ಮಿಕೆಲ್ ಹ್ಯಾನ್ಸನ್ ಅವರ ಮಾತು ಬಂದಾಗಲೆಲ್ಲ ಜನ ಮೊದಲು ಎಣಿಸುವುದು ಗೋಲುಗಳನ್ನು. 2019ರ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲೇ ಅವರು 72 ಗೋಲು ಹೊಡೆದಿದ್ದರಿಂದ ಆ ಎಣಿಕೆಗೆ ಕಾರಣವೂ ಇದೆ. ಆದರೆ ಕಾಲೇಜಿನ ದಿನಗಳಲ್ಲಿ ಈ ಆಟವನ್ನು ಒಂದಿಷ್ಟು ಆಡಿದ ನನ್ನ ಕಣ್ಣು ಹೋಗುತ್ತಿದ್ದುದು ಅವರ ಪಾಸುಗಳ ಕಡೆಗೆ.

ಹ್ಯಾಂಡ್‌ಬಾಲಿನಲ್ಲಿ ಗೋಲಿನ ಮುಂದೆ ಆರು ಮೀಟರ್ ಗೆರೆಯೊಂದಿದೆ. ಗೋಲ್‌ಕೀಪರ್ ಹೊರತು ಯಾರೂ ಅದರೊಳಗೆ ಕಾಲಿಡುವಂತಿಲ್ಲ. ರಕ್ಷಣೆಯವರು ಆ ಗೆರೆಯುದ್ದಕ್ಕೂ ಗೋಡೆಯಂತೆ ನಿಲ್ಲುತ್ತಾರೆ, ಅವರ ನಡುವೆ ಗೋಲಿಗೆ ಬೆನ್ನು ಹಾಕಿ ದಾಳಿ ತಂಡದ ಪಿವೋಟ್ ಎಂಬ ಆಟಗಾರ ನುಸುಳಿರುತ್ತಾನೆ. ಲೆಫ್ಟ್ ಬ್ಯಾಕ್, ಅಂದರೆ ದಾಳಿಯಲ್ಲಿ ಎಡಬದಿಯ ಹಿಂದಿನಿಂದ ಆಡುವ ಹ್ಯಾನ್ಸನ್ ದೂರದಲ್ಲಿ ನೆಗೆದು ಬಲಗೈ ಎತ್ತಿದರೆಂದರೆ, ಆ ಹೊಡೆತದ ವೇಗ ಬಲ್ಲವರು ತಡೆಯಲು ಮುಂದೆ ಬರಲೇಬೇಕು. ಅಷ್ಟರಲ್ಲಿ ಅವರ ಮಣಿಕಟ್ಟು ಕೆಳಗೆ ಮಡಿದು, ಚೆಂಡು ರಕ್ಷಕನ ಕಾಲ ಪಕ್ಕದಲ್ಲಿ ಒಮ್ಮೆ ಪುಟಿದು ಪಿವೋಟಿನ ಕೈ ಸೇರಿರುತ್ತಿತ್ತು. ಗೋಲು ಬರೆಯಲ್ಪಡುತ್ತಿದ್ದುದು ಇನ್ನೊಬ್ಬರ ಹೆಸರಿನಲ್ಲಿ. ತಂಡದವರಿಗೆ ಅವರ ಮೇಲಿದ್ದ ಪ್ರೀತಿಯ ಗುಟ್ಟು ಇಲ್ಲೇ ಇದೆ ಎಂದು ನಾನು ನಂಬಿದ್ದೇನೆ.

1987ರಲ್ಲಿ ಹೆಲ್ಸಿಂಗೋರ್‌ನಲ್ಲಿ ಹುಟ್ಟಿದ ಹ್ಯಾನ್ಸನ್, ಬಾರ್ಸಿಲೋನಾದಲ್ಲಿ ಎರಡು ವರ್ಷ ಆಡಿ ತಾಯ್ನಾಡಿನ ಎಜಿ ಕೋಪನ್‌ಹೇಗನ್ ಸೇರಿದರು. ಆ ಕ್ಲಬ್ 2012ರಲ್ಲಿ ದಿವಾಳಿಯಾದಾಗ ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ ಹೋಗಿ ಹತ್ತು ವರ್ಷ ಅಲ್ಲಿಯೇ ಉಳಿದರು. 2011, 2015 ಮತ್ತು 2018ರಲ್ಲಿ ವಿಶ್ವದ ಶ್ರೇಷ್ಠ ಆಟಗಾರನೆಂಬ ಗೌರವ ಪಡೆದರು. ಇಷ್ಟಾದರೂ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಅವರಿಗೆ ಒಲಿಯಲೇ ಇಲ್ಲ. 2017ರ ಫೈನಲ್‌ನಲ್ಲಿ ಪ್ಯಾರಿಸ್ ಒಂದೇ ಗೋಲಿನಿಂದ ಸೋತಿತು. 2024ರ ಫೈನಲ್‌ನಲ್ಲಿ, ಪ್ಯಾರಿಸ್ ಬಿಟ್ಟ ಮೇಲೆ ಅವರು ಸೇರಿದ್ದ ಡೆನ್ಮಾರ್ಕಿನ ಕ್ಲಬ್ ಆಲ್ಬೋರ್ಗ್ ಕೂಡ ಬಾರ್ಸಿಲೋನಾದ ಎದುರು 31–30ರಿಂದ, ಮತ್ತೆ ಒಂದೇ ಗೋಲಿನಿಂದ ಸೋತಿತು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ದೇಶದ ತಂಡದ ಕಥೆಯೇ ಬೇರೆ. 2016ರಲ್ಲಿ ರಿಯೊದ ಒಲಿಂಪಿಕ್ ಚಿನ್ನ ಬಂದಿತ್ತು, ಆದರೆ ವಿಶ್ವ ಚಾಂಪಿಯನ್ ಪಟ್ಟ ಡೆನ್ಮಾರ್ಕಿನ ಪುರುಷರಿಗೆ ಅಲ್ಲಿಯವರೆಗೂ ಸಿಕ್ಕಿರಲಿಲ್ಲ. 2019ರ ಜನವರಿಯಲ್ಲಿ ತಮ್ಮದೇ ನೆಲದ ಹೆರ್ನಿಂಗ್‌ನಲ್ಲಿ ನಾರ್ವೆಯನ್ನು 31–22ರಿಂದ ಸೋಲಿಸಿ ಅದನ್ನು ಗೆದ್ದರು. 2021ರಲ್ಲೂ 2023ರಲ್ಲೂ ಪಟ್ಟ ಉಳಿಸಿಕೊಂಡರು. ಹಣೆಪಟ್ಟಿ, ಉದ್ದ ಕೂದಲು, 24ನೆಯ ಸಂಖ್ಯೆಯ ಅಂಗಿ ಇವು ಸುಮಾರು ಅರವತ್ತು ಲಕ್ಷ ಜನರ ಆ ದೇಶದಲ್ಲಿ ಎಲ್ಲರಿಗೂ ಪರಿಚಿತವಾಗಿದ್ದವು.

ನನ್ನ ದೃಷ್ಟಿಯಲ್ಲಿ ಅವರ ಬದುಕಿನ ದೊಡ್ಡ ನಿರ್ಧಾರ ಬಂದದ್ದು ಮೂರನೆಯ ವಿಶ್ವ ಪಟ್ಟದ ಬೆನ್ನಲ್ಲೇ. ಹಿಂದಿನ ವರ್ಷ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿ ಆಟದಿಂದ ದೂರ ಉಳಿದಿದ್ದ ಅವರು, 2023ರ ಮಾರ್ಚಿನಲ್ಲಿ ಮಾನಸಿಕ ಒತ್ತಡದ ಕಾರಣಕ್ಕೆ ರಜೆಯ ಮೇಲೆ ಹೋದರು. ಮಂಡಿನೋವಿನ ನೆಪ ಹೇಳಿ ಮುಚ್ಚಿಡಬಹುದಾಗಿದ್ದ ಸಂಗತಿಯನ್ನು ಒಬ್ಬ ಮೇಲ್ಮಟ್ಟದ ಆಟಗಾರ ಬಹಿರಂಗವಾಗಿ ಒಪ್ಪಿಕೊಂಡದ್ದು, ಯಾವ ಪದಕಕ್ಕೂ ಕಡಿಮೆಯಲ್ಲದ ಧೈರ್ಯ.

ವಿಶ್ರಾಂತಿ ಮುಗಿಸಿ ಮರಳಿದ ಅವರು ಆಡಿದ ಕೊನೆಯ ಪಂದ್ಯ, 2024ರ ಆಗಸ್ಟ್ 11ರಂದು ಲಿಲ್‌ನಲ್ಲಿ ನಡೆದ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್. ಜರ್ಮನಿಯ ಎದುರು ಡೆನ್ಮಾರ್ಕ್ 39–26ರಿಂದ ಗೆದ್ದ ಆ ದಿನ ದಾಳಿಯ ಮುಖ್ಯ ಹೊಣೆ ಸಹ ಆಟಗಾರ ಮತಿಯಾಸ್ ಗಿಡ್ಸೆಲ್ ಅವರ ಹೆಗಲ ಮೇಲಿತ್ತು, 36 ವರ್ಷದ ಹ್ಯಾನ್ಸನ್ ಎರಡನೆಯ ಒಲಿಂಪಿಕ್ ಚಿನ್ನವನ್ನು ಕೊರಳಿಗೆ ಹಾಕಿಕೊಂಡು ಅಂಗಳದಿಂದ ಹೊರನಡೆದರು.