ನಮ್ಮನೆಯಲ್ಲಿ ಪಾಚಿ ಸಾಕಿದ್ದೇವೆ

ಈ ತಿಂಗಳು ಕರೆಂಟ್ ಬಿಲ್ ಬಂದಿದೆ. ಎಲ್ಲರಿಗೂ ಬರುತ್ತಪ್ಪಾ, ಅದರಲ್ಲೇನಿದೆ ಅಂತೀರಾ? ನಮಗೆ ಸೊನ್ನೆ ಬರುತ್ತಿತ್ತು! 2023ರ ಆಗಸ್ಟ್‌ನಲ್ಲಿ ಗೃಹಜ್ಯೋತಿ ಬಿಲ್ ಶುರುವಾದಾಗಿನಿಂದ ಆ ಉದ್ದ ಚೀಟಿಯ ಕೊನೆಯಲ್ಲಿ ಸೊನ್ನೆ ಇದೆಯಾ ಅಂತ ನೋಡಿ, ಮಡಚಿ ಫ್ರಿಜ್ ಮೇಲಿಟ್ಟು, ಇಡೀ ದಿನ ಖುಷಿಯಾಗಿ ಓಡಾಡುತ್ತಿದ್ದವಳು ನಾನು. ಮನೆಯಲ್ಲಿ ಸೋಲಾರ್ ಇದೆ, ಏಸಿ ಇಲ್ಲ, ಯಾರೂ ಇಲ್ಲದ ರೂಮಿನಲ್ಲಿ ಫ್ಯಾನ್ ತಿರುಗುತ್ತಿದ್ದರೆ ನನಗೆ ಊಟ ಸೇರಲ್ಲ. ಇಷ್ಟೆಲ್ಲಾ ಮಾಡಿ 185 ಯೂನಿಟ್ ಆಸುಪಾಸಿನಲ್ಲಿ ಹಿಡಿದಿಟ್ಟಿದ್ದೆ. 200 ದಾಟಿದರೆ ದಾಟಿದ ಯೂನಿಟ್‌ಗಷ್ಟೇ ಅಲ್ಲ, ಪೂರ್ತಿ ಬಿಲ್ ನಾವೇ ಕಟ್ಟಬೇಕು. ಈ ಸಲ 212. ಅಂದರೆ ಹನ್ನೆರಡು ಯೂನಿಟ್ ದೆಸೆಯಿಂದ ₹1,700 ಚಿಲ್ಲರೆ.

ತಿಂದವರು ಯಾರು ಅಂತ ಹುಡುಕುವ ಕಷ್ಟ ಇರಲಿಲ್ಲ. ಹಾಲ್‌ನಲ್ಲಿರೋ ಅಕ್ವೇರಿಯಂನ ಕೆಳಗಿನ ಕಪಾಟಿನಲ್ಲಿ ಕೂತು ತಿಂದಿದೆ. ಮೀನಲ್ಲ. ಪಾಚಿ.

ನಮ್ಮವರಿಗೆ ಸಮುದ್ರದ ಹುಚ್ಚು. ಸಮುದ್ರಕ್ಕೆ ಹೋಗುವ ಹುಚ್ಚಾಗಿದ್ದರೆ ಮಲ್ಪೆಗೋ ಗೋಕರ್ಣಕ್ಕೋ ಹೋಗಿ ಬರಬಹುದಿತ್ತು. ಇದು ಸಮುದ್ರವನ್ನು ಬೆಂಗಳೂರಿನ ಎರಡು ಬೆಡ್‌ರೂಮ್ ಫ್ಲಾಟಿಗೆ ತರುವ ಹುಚ್ಚು. ನಾಲ್ಕಡಿ ಉದ್ದದ, 250 ಲೀಟರ್ ಉಪ್ಪುನೀರಿನ ಟ್ಯಾಂಕ್. ಅದರೊಳಗೆ ಒಂದು ಜೋಡಿ ಕ್ಲೌನ್ ಮೀನು, ಒಂದು ಸೀಗಡಿ, ಒಂದಿಷ್ಟು ಮೆತ್ತನೆ ಹವಳ. ಗಟ್ಟಿ ಹವಳ ಇಟ್ಟುಕೊಳ್ಳುವ ಹಾಗಿಲ್ಲ, ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿ ಆನೆಗಳ ಜೊತೆ ಅದೂ ಇದೆ. ಇವರು ಕಾನೂನಿಗೆ ಹೆದರುತ್ತಾರೆ. ನನಗೆ ಹೆದರಲ್ಲ, ಅಷ್ಟೇ.

ಈಗ ಪಾಚಿ ವಿಷಯ. ಮೀನಿಗೆ ಹಾಕಿದ ಊಟ ಕೊನೆಗೆ ನೈಟ್ರೇಟ್, ಫಾಸ್ಫೇಟ್ ಆಗಿ ನೀರಲ್ಲೇ ಉಳಿಯುತ್ತದಂತೆ. ಅದು ಜಾಸ್ತಿಯಾದರೆ ಗಾಜು, ಕಲ್ಲು, ಹವಳ ಎಲ್ಲದರ ಮೇಲೂ ಪಾಚಿ. ಇದಕ್ಕೆ ಪರಿಹಾರ ಏನು ಗೊತ್ತಾ? ಕೆಳಗೆ ಕಪಾಟಿನಲ್ಲಿ ಇನ್ನೊಂದು ಪಾಚಿ ಬೆಳೆಸೋದು. ಕಸೂತಿ ಹಾಕುವ ಪ್ಲಾಸ್ಟಿಕ್ ಜಾಲರಿ ಇರುತ್ತಲ್ಲ, ಅದನ್ನು ಗರಗಸದಲ್ಲಿ ಉಜ್ಜಿ ತರಿತರಿ ಮಾಡಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪಿಗೆ ಸಿಕ್ಕಿಸಿ, ಎರಡೂ ಮೈ ಮೇಲೆ ಹಗಲೂ ರಾತ್ರಿ ನೀರು ಇಳಿಸಿ, ಎರಡೂ ಕಡೆಯಿಂದ ಕೆಂಪು ಎಲ್‌ಇಡಿ ಬಿಡಬೇಕು. ಅಲ್ಲಿ ಪಾಚಿ ಹುಲುಸಾಗಿ ಬೆಳೆದು ನೀರಿನ ಕಸುವನ್ನೆಲ್ಲಾ ಹೀರುತ್ತೆ. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಕೆರೆದು ಎಸೆದರೆ ನೈಟ್ರೇಟ್ ಮನೆ ಬಿಟ್ಟು ಹೋಯಿತು ಅಂತ ಲೆಕ್ಕ. ಮೇಲೆ ಪಾಚಿ ಬರಬಾರದು ಅಂತ ಕೆಳಗೆ ಪಾಚಿ. ಇದಕ್ಕೆ ಆಲ್ಗೆ ಸ್ಕ್ರಬ್ಬರ್ ಅಂತಾರೆ.

ಮನೆಗೆ ಯಾರೇ ಬಂದರೂ ಇದರ ಪುರಾಣ ಕೇಳಿಯೇ ಕಾಫಿ ಕುಡಿಯಬೇಕು. ವಾಲ್ಟರ್ ಏಡಿ ಅಂತ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಿಜ್ಞಾನಿ, ಹವಳದ ದಿಬ್ಬಗಳ ಮೇಲೆ ಸಣ್ಣ ಪಾಚಿ ಹೇಗೆ ನೀರು ಶುದ್ಧ ಮಾಡುತ್ತೆ ಅಂತ ನೋಡಿ ಇದನ್ನು ಮಾಡಿದವರು. 1982ರಲ್ಲಿ ಪೇಟೆಂಟ್ ಸಿಕ್ಕಿತು. ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಕ್ವೇರಿಯಂನಲ್ಲೂ ಇದನ್ನೇ ಹಾಕಿದ್ದರು. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದ ತಾರೀಖು ನೆನಪಿರಲ್ಲ ಇವರಿಗೆ, ಇದೆಲ್ಲ ಬಾಯಿಪಾಠ. ಆ ಟೌನ್ಸ್‌ವಿಲ್ ಟ್ಯಾಂಕ್ 25 ಲಕ್ಷ ಲೀಟರ್ ಕಣ್ರೀ, ನಮ್ಮದು 250 ಅಂತ ಒಂದು ಸಲ ನಾನು ನೆಂಟರ ಮುಂದೆಯೇ ಹೇಳಿದೆ. "ತತ್ವ ಒಂದೇ" ಅಂದರು.

ಇವರ ಇನ್ನೊಂದು ಮಾತಿದೆ. "ಒನ್ ಟೈಮ್ ಖರ್ಚು ಕಣೇ." ಮೊದಲು ಸ್ಕಿಮ್ಮರ್ ಬಂತು, ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ. ಒನ್ ಟೈಮ್. ಆಮೇಲೆ ಫಾಸ್ಫೇಟ್ ಹೀರುವ ಕಬ್ಬಿಣದ ಹರಳು, ಅದನ್ನು ಕುದಿಸಲು, ಅಲ್ಲಲ್ಲ, ಕುಣಿಸಲು ಒಂದು ಡಬ್ಬಿ. ಹರಳು ಮುಗಿದಾಗೆಲ್ಲ ಮತ್ತೆ ಒನ್ ಟೈಮ್. ಆಮೇಲೆ ಒಂದು ದಿನ ಫ್ರಿಜ್ ಬಾಗಿಲಲ್ಲಿ ಮಜ್ಜಿಗೆ ಪಕ್ಕ ವೋಡ್ಕಾ ಬಾಟಲಿ. ನೀರಿಗೆ ಹನಿ ಹನಿ ವೋಡ್ಕಾ ಹಾಕಿದರೆ ಬ್ಯಾಕ್ಟೀರಿಯಾ ಬೆಳೆದು ನೈಟ್ರೇಟ್ ತಿನ್ನುತ್ತವಂತೆ. ಇದು ನಿಜವಾಗಿಯೂ ಇರುವ ಪದ್ಧತಿ, ನಾನೂ ಓದಿ ನೋಡಿದೆ. ಆದರೆ "ಇದು ಮೀನಿನ ಟ್ಯಾಂಕಿಗೆ" ಅಂದರೆ ಮನೆಗೆಲಸದ ಲಕ್ಷ್ಮಮ್ಮ ನಂಬಬೇಕಲ್ಲ. ಆಯಮ್ಮ ಇವತ್ತಿಗೂ ನನ್ನನ್ನು ಕನಿಕರದಿಂದಲೇ ನೋಡೋದು.

ಸ್ಕ್ರಬ್ಬರ್ ಬಂದಿದ್ದೂ ಎರಡು ಸಲ. ಮೊದಲನೆಯದು ಇವರೇ ಮಾಡಿದ್ದು, ₹4,000ಕ್ಕೆ ಮುಗೀತು ಅಂತ ಬೀಗುತ್ತಿದ್ದರು. ಅದು ಕಪಾಟಿನೊಳಗೆಲ್ಲಾ ಉಪ್ಪುನೀರು ಸಿಡಿಸಿ ಪ್ಲೈವುಡ್ ಉಬ್ಬಿ, ಬಾಗಿಲು ಹಾಕೋಕೇ ಬರದೆ ಕಾರ್ಪೆಂಟರ್ ಬಂದ. ಆಮೇಲೆ ₹22,000ದ ರೆಡಿಮೇಡ್ ಅಕ್ರಿಲಿಕ್ ಡಬ್ಬಿ. ಕಾರ್ಪೆಂಟರ್ ದುಡ್ಡು ಇವರ ಲೆಕ್ಕದ ಶೀಟಿನಲ್ಲಿ ಇಲ್ಲ. ಕೇಳಿದರೆ "ಅದು ಫರ್ನಿಚರ್" ಅಂತಾರೆ.

ಈ ಹೊಸ ಡಬ್ಬಿ ಬಂದ ಹೊಸದರಲ್ಲೇ ನಮ್ಮ ಅತ್ತೆ ಊರಿಂದ ಬಂದರು. ಅತ್ತೆ ಪಾವಗಡದ ಕಡೆಯವರು. ಚಿಕ್ಕಂದಿನಲ್ಲಿ ಸೇದುವ ಬಾವಿಯಲ್ಲಿ ನೀರು ಊರೋವರೆಗೆ ಕೊಡ ಇಟ್ಟುಕೊಂಡು ಸರದಿಯಲ್ಲಿ ಕೂತವರು. ಅವರ ಮುಂದೆ ಕೈ ತೊಳೆಯುವಾಗಲೂ ನಲ್ಲಿ ಪೂರ್ತಿ ತಿರುಗಿಸಲು ನನಗೆ ಧೈರ್ಯ ಇಲ್ಲ. 2024ರ ಬೇಸಿಗೆಯಲ್ಲಿ ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಟಿವಿಯಲ್ಲಿ ಬಂದಾಗ ಅವರು ತಿರುಗಿ ನೋಡಿದ್ದು ಟಿವಿಯನ್ನಲ್ಲ, ಟ್ಯಾಂಕನ್ನು.

ಸ್ಕ್ರಬ್ಬರ್ ದೀಪ ಸಂಜೆ ನಾಲ್ಕಕ್ಕೆ ಹತ್ತಿದರೆ ಬೆಳಗ್ಗೆ ಹತ್ತಕ್ಕೆ ಆರೋದು. ಟ್ಯಾಂಕಿನ ದೀಪ ಆರಿದ ಮೇಲೆ ನೀರಿನ ಪಿಎಚ್ ಇಳಿಯಬಾರದು ಅಂತ ರಾತ್ರಿಯೇ ಉರಿಸಬೇಕಂತೆ. ಹಾಗಾಗಿ ರಾತ್ರಿಯೆಲ್ಲ ಕಪಾಟಿನ ಸಂದಿಯಿಂದ ಕಡು ಗುಲಾಬಿ ಬೆಳಕು, ಜೊತೆಗೆ ಸೊರ್ರನೆ ನೀರು ಸುರಿಯುವ ಸದ್ದು. ಹಾಲ್‌ನಲ್ಲಿ ದಿವಾನದ ಮೇಲೆ ಮಲಗಿದ್ದು ಅತ್ತೆ.

ನಡುರಾತ್ರಿ ನನ್ನನ್ನು ಎಬ್ಬಿಸಿದರು. "ಏಳಮ್ಮ, ಎಲ್ಲೋ ನಲ್ಲಿ ಬಿಟ್ಟಿದ್ದೀರ." ಎದ್ದೆ. ಅಡುಗೆಮನೆ ನಲ್ಲಿ ನೋಡಿದೆವು, ಬಚ್ಚಲು ನೋಡಿದೆವು, ವಾಷಿಂಗ್ ಮೆಷಿನ್ ಪೈಪ್ ಎತ್ತಿ ನೋಡಿದೆವು. ಟ್ಯಾಂಕಿಂದ ಅತ್ತೆ ಅಂದೆ. "ಮೀನಿನ ಡಬ್ಬದಲ್ಲಿ ನೀರು ನಿಂತಿರುತ್ತೆ, ಹರಿಯುತ್ತಾ?" ಅಂದರು. ನನಗೂ ನಿದ್ದೆಗಣ್ಣು, ಪಾಚಿ ಕೃಷಿ ವಿವರಿಸುವ ತ್ರಾಣ ಇರಲಿಲ್ಲ, ಬೆಳಗ್ಗೆ ಹೇಳ್ತೀನಿ ಅಂತ ಹೋಗಿ ಮಲಗಿದೆ. ಅತ್ತೆ ಮಲಗಲಿಲ್ಲ. ಗೋಡೆಗೆ ಕಿವಿ ಇಟ್ಟು ಕೇಳಿದರು. ಮೇಲಿನ ಮನೆಯವರ ಓವರ್‌ಹೆಡ್ ಟ್ಯಾಂಕ್ ತುಂಬಿ ಹರೀತಿದೆ ಅಂತ ತೀರ್ಮಾನ ಮಾಡಿ, ಇಂಟರ್‌ಕಾಮ್‌ನಲ್ಲಿ ಸೆಕ್ಯೂರಿಟಿಯವನನ್ನು ಕರೆದರು. ಆ ಹುಡುಗ ಪಾಪ, ಟಾರ್ಚ್ ಹಿಡಿದು ಟೆರೇಸಿಗೆ ಹೋಗಿ ಎಲ್ಲ ವಾಲ್ವ್ ನೋಡಿ, ಮೇಲಿನ ಮನೆಯ ಬೆಲ್ ಹೊಡೆದು ಅವರನ್ನೂ ಎಬ್ಬಿಸಿಕೊಂಡು ನಮ್ಮನೆಗೆ ಬಂದ. ನಾನು ಮತ್ತೆ ಎದ್ದು ಬಂದಾಗ ಹಾಲ್‌ನಲ್ಲಿ ಅತ್ತೆ, ಸೆಕ್ಯೂರಿಟಿ ಹುಡುಗ, ಲುಂಗಿಯಲ್ಲಿ ಮೇಲಿನ ಮನೆ ರಾವ್ ಅಂಕಲ್, ನೈಟಿ ಮೇಲೆ ಶಾಲು ಹೊದ್ದ ಅವರ ಹೆಂಡತಿ, ನಾಲ್ಕೂ ಜನ ಗುಲಾಬಿ ಬಣ್ಣದಲ್ಲಿ ನಿಂತಿದ್ದರು. ಹುಡುಗ ಮೆಲ್ಲಗೆ ಕಪಾಟಿನ ಬಾಗಿಲು ತೆಗೆದ. ಎಲ್ಲರೂ ಬಗ್ಗಿ ನೋಡಿದರು. ಝಗಝಗ ಬೆಳಕಲ್ಲಿ ಹಸಿರು ಜಾಲರಿ, ಅದರ ಮೇಲೆ ಇಳಿಯೋ ನೀರು. ಯಾರೂ ಮಾತಾಡಲಿಲ್ಲ. ಕೊನೆಗೆ ರಾವ್ ಅಂಕಲ್, "ಇದು… ಲೀಗಲ್ಲಾ?" ಅಂದರು.

ಇಷ್ಟಕ್ಕೂ ನಮ್ಮವರು ಎದ್ದಿರಲಿಲ್ಲ. ಬೆಳಗ್ಗೆ ವಿಷಯ ತಿಳಿದ ಮೇಲೆ ರಾವ್ ಅಂಕಲ್‌ಗೆ ಪೇಟೆಂಟ್ ಕತೆ ಹೇಳಲು ಮೇಲಿನ ಮನೆಗೆ ಹೋದರು.

ಮಾರನೆಯ ರಾತ್ರಿ ಅತ್ತೆ ಯಾರಿಗೂ ಹೇಳದೆ ಸ್ವಿಚ್ ಆರಿಸಿ ಮಲಗಿದರು. ಇವರಿಗೆ ಗೊತ್ತಾಗಿದ್ದು ಮರುದಿನ ಆಫೀಸಿಂದ ಬಂದ ಮೇಲೆ. ಅಷ್ಟರಲ್ಲಿ ಜಾಲರಿ ಒಣಗಿ, ಮೇಲಂಚು ಬಿಳಿಚಿಕೊಂಡು, ಕಪಾಟಿನಿಂದ ಮೀನು ಮಾರ್ಕೆಟ್ಟಿನ ವಾಸನೆ. ಇವರು ಶೂ ಕೂಡ ಬಿಚ್ಚದೆ ಅದರ ಮುಂದೆ ನೆಲದ ಮೇಲೆ ಕೂತುಬಿಟ್ಟರು. "ಪಾಚಿ ಹೋಯ್ತು ಕಣೇ." ಅತ್ತೆ ಗಾಬರಿಯಾಗಿ ಅಡುಗೆಮನೆಗೆ ಬಂದು ನನ್ನ ಕಿವಿಯಲ್ಲಿ, "ಹೋಗಿದ್ದು ಪಾಚಿ ತಾನೇ? ಹೋಗಲಿ ಅಂತ ತಾನೇ ಇಷ್ಟೆಲ್ಲಾ ಮಾಡ್ತಿರೋದು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಹುಟ್ಟಿ ಬೆಳೆದಿದ್ದು ತೀರ್ಥಹಳ್ಳಿ ಕಡೆ. ನಮಗೆ ಪಾಚಿ ಅಂದರೆ ಆಜನ್ಮ ವೈರಿ. ಮಳೆ ಹಿಡಿಯಿತು ಅಂದರೆ ಅಂಗಳದ ಹಾಸುಗಲ್ಲು, ಬಾವಿಕಟ್ಟೆ, ಬಚ್ಚಲಿನ ಮೆಟ್ಟಿಲು ಎಲ್ಲಾ ಜಾರು. ಅಪ್ಪ ಕೊಟ್ಟಿಗೆಗೆ ಹೋಗಲು ಅಡಿಕೆ ದಬ್ಬೆ ಹಾಸುತ್ತಿದ್ದರು. ಅಮ್ಮ ಮಳೆ ಹೊಳವಾದಾಗೆಲ್ಲ ಸೆರಗು ಸಿಕ್ಕಿಸಿ, ತೆಂಗಿನ ನಾರು ಹಿಡಿದು ಕಲ್ಲು ಉಜ್ಜುತ್ತಿದ್ದಳು. ಉಜ್ಜಿ ಎದ್ದು ಸೊಂಟ ಹಿಡಿದು ನಿಲ್ಲುವಷ್ಟರಲ್ಲಿ ಮತ್ತೆ ಮಳೆ. ಈಗ ಆ ಮನೆಗೆ ಬೀಗ. ಅಂಗಳ ಪೂರ್ತಿ ಹಸಿರಾಗಿದೆ ಅಂತ ಪಕ್ಕದ ಮನೆಯವರು ಹೋದ ಮಳೆಗಾಲದಲ್ಲಿ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರು. ನಾನು ಸುಮ್ನೆ ನೋಡ್ತಾ ಕೂತಿದ್ದೆ. ಇವರು ಬಂದು ಫೋನ್ ಇಸಿದುಕೊಂಡು, ಫೋಟೋ ದೊಡ್ಡದು ಮಾಡಿ ನೋಡಿ, "ಎಂಥಾ ಗ್ರೋತ್!" ಅಂದರು.

ನಮ್ಮನೆ ಪಾಚಿಗೆ ಭಾನುವಾರ ಕಟಾವು. ನನ್ನ ಅಡುಗೆಮನೆ ಸಿಂಕ್‌ನಲ್ಲೇ ಆಗಬೇಕು, ಬಚ್ಚಲಲ್ಲಿ ಬೆಳಕು ಸಾಲಲ್ವಂತೆ. ಹಳೇ ದೋಸೆ ಸಟ್ಟುಗದಿಂದ ಕೆರೆದು, ಟೂತ್‌ಬ್ರಷ್‌ನಲ್ಲಿ ಉಜ್ಜಿ, ಬೇರಿನಷ್ಟು ಮಾತ್ರ ಬಿಟ್ಟು ಜಾಲರಿ ವಾಪಸ್. ಕೆರೆದಿದ್ದನ್ನು ಹಿಂಡಿ, ಉಂಡೆ ಮಾಡಿ, ನಾನು ಮೈಸೂರು ಪಾಕಿಗೆ ಕಡ್ಲೆಹಿಟ್ಟು ತೂಗುವ ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳುತ್ತಾರೆ. ಮೊದಮೊದಲು 110 ಗ್ರಾಂ ಬರುತ್ತಿತ್ತು. "ಗೊಬ್ಬರ ಕಣೇ, ಸಿಹಿನೀರಲ್ಲಿ ತೊಳೆದಿದ್ದೀನಿ, ಉಪ್ಪಿರಲ್ಲ" ಅಂತ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಹಾಕಿದರು. ಆಳೆತ್ತರ ಬಂದಿದ್ದ ಗಿಡ. ಎಲೆ ಅಂಚು ಕಂದಾಗಿ, ಉದುರಿ, ಕಡ್ಡಿ ಉಳೀತು. ನೀನು ನೀರು ಜಾಸ್ತಿ ಹಾಕಿರಬೇಕು ಅಂತಾರೆ. ಈಗ ಒಗ್ಗರಣೆಗೆ ಕರಿಬೇವನ್ನು ದುಡ್ಡು ಕೊಟ್ಟು ತರ್ತೀನಿ. ಇದು ಯಾವ ಶೀಟಿನಲ್ಲೂ ಇಲ್ಲ.

ಸರಿ, ನ್ಯಾಯವಾಗಿಯೇ ಲೆಕ್ಕ ಹಾಕೋಣ. ಸ್ಕ್ರಬ್ಬರ್ ಕೆಲಸ ಮಾಡುತ್ತೆ, ಅದರಲ್ಲಿ ನನಗೆ ತಕರಾರಿಲ್ಲ. ಮೊದಲು ವಾರ ವಾರ 25 ಲೀಟರ್ ನೀರು ಬದಲಿಸುತ್ತಿದ್ದರು. ಲೀಟರಿಗೆ 35 ಗ್ರಾಂನಂತೆ ಪ್ರತಿ ಸಲ ಮುಕ್ಕಾಲು ಕೆಜಿಗೂ ಜಾಸ್ತಿ ಸಮುದ್ರದ ಉಪ್ಪು, ಮೇಲೆ ಆರ್‌ಓ ಯಂತ್ರ ಆಚೆ ಬಿಡುವ ನೀರು ಬೇರೆ. ಅದೀಗ ತಿಂಗಳಿಗೊಮ್ಮೆ ಆಗಿದೆ. ಕೆರೆದು ಎಸೆಯೋಕೆ ದುಡ್ಡು ಬೇಕಿಲ್ಲ, ಹರಳಿನ ಖರ್ಚಿಲ್ಲ. ಟ್ಯಾಂಕ್ ತುಂಬಾ ಮೀನಿದ್ದು ದಿನಕ್ಕೆ ನಾಲ್ಕೈದು ಸಲ ತಿನ್ನಿಸುವವರಿಗೆ ಇದು ದುಡ್ಡು ಉಳಿಸಲೂಬಹುದು. ಆದರೆ 30 ವ್ಯಾಟ್ ದೀಪ 18 ಗಂಟೆ, 15 ವ್ಯಾಟ್ ಪಂಪ್ ದಿನವಿಡೀ ಅಂದರೆ ತಿಂಗಳಿಗೆ 27 ಯೂನಿಟ್. ಪಾಚಿಯಿಂದ ನೀರು ಹಳದಿಯಾಗುತ್ತೆ, ಅದಕ್ಕೆ ಇದ್ದಿಲು ಬೇಕು, ಒನ್ ಟೈಮ್, ಪದೇ ಪದೇ. ಇನ್ನು ಅಳತೆ ನೋಡಿ. ದಿನಕ್ಕೆ ಒಂದು ಫ್ರೋಜನ್ ಕ್ಯೂಬ್ ಊಟ ಹಾಕಿದರೆ 12 ಚದರ ಇಂಚು ಜಾಲರಿ ಸಾಕು ಅಂತ ಇದೇ ಹವ್ಯಾಸದವರು ಹೇಳುವ ಲೆಕ್ಕ. ನಮ್ಮ ಎರಡು ಮೀನು ತಿನ್ನೋದು ಅರ್ಧ ಕ್ಯೂಬ್. ಎರಡು ಬೆಂಕಿಪೊಟ್ಟಣದ ಅಗಲದ ಜಾಲರಿ ಸಾಕಿತ್ತು. ಇವರು ತಂದಿದ್ದು 48 ಚದರ ಇಂಚಿನದು! ಎರಡು ಮೀನಿಗೆ ಇದು ದಂಡ, ಕಡ್ಡಿ ಮುರಿದ ಹಾಗೆ ಹೇಳ್ತೀನಿ.

ಅದಕ್ಕೆ ಈಗ ಹೊಸ ಸಂಕಟ ಶುರುವಾಗಿದೆ. ಪಾಚಿ ನೀರಲ್ಲಿದ್ದಿದ್ದನ್ನೆಲ್ಲಾ ಬಳಿದು ತಿಂದುಬಿಟ್ಟಿದೆ. ಪ್ರತಿ ಶನಿವಾರ ಇವರು ಸಣ್ಣ ಗಾಜಿನ ಬಾಟಲಿಯಲ್ಲಿ ನೀರಿಗೆ ಪುಡಿ ಹಾಕಿ ಕುಲುಕಿ, ಕಿಟಕಿ ಹತ್ತಿರ ಬಣ್ಣದ ಕಾರ್ಡಿನ ಮೇಲಿಟ್ಟು ನನ್ನನ್ನು ಕರೀತಾರೆ. "ನೋಡೇ, ಇದು ತಿಳಿ ಗುಲಾಬಿನಾ, ಇನ್ನೂ ತಿಳಿ ಗುಲಾಬಿನಾ?" ಒಲೆ ಮೇಲೆ ಸಾರು ಉಕ್ಕುತ್ತಿರುತ್ತೆ. ಈ ಸಲ ಯಾವ ಗುಲಾಬಿಯೂ ಇರಲಿಲ್ಲ, ಬರೀ ನೀರು. ನೈಟ್ರೇಟ್ ಸೊನ್ನೆ. ಇದಕ್ಕೇ ಅಲ್ವಾ ಇಷ್ಟು ವರ್ಷ ಒದ್ದಾಡಿದ್ದು, ಹೋಳಿಗೆ ಮಾಡಲಾ ಅಂದೆ. ಇವರ ಮುಖ ಬಾಡಿತ್ತು. ಮೆತ್ತನೆ ಹವಳಕ್ಕೆ ನೀರಲ್ಲಿ ಒಂಚೂರು ಕೊಳೆ ಇರಬೇಕಂತೆ, ತೀರಾ ಶುದ್ಧವಾದರೆ ಮುದುಡಿಕೊಳ್ಳುತ್ತಂತೆ. ಮುದುಡಿಕೊಂಡಿದ್ದನ್ನು ನಾನೂ ನೋಡಿದೆ. ಪಾಚಿಯೂ ಹಸಿರು ಬಿಟ್ಟು ಹಳದಿಗೆ ತಿರುಗಿದೆ. ಹೋದ ಭಾನುವಾರ ತಕ್ಕಡಿಯಲ್ಲಿ 30 ಗ್ರಾಂ.

ಮೀನಿಗೆ ಎರಡು ಹೊತ್ತು ಜಾಸ್ತಿ ಹಾಕಿ ನೋಡಿದರು. ಅವು ಎಷ್ಟು ಅಂತ ತಿಂದಾವು? ನಿನ್ನೆ ಕೊರಿಯರ್ ಬಂತು. ಸಣ್ಣ ಬಾಟಲಿ. ನಾನೇ ಸಹಿ ಹಾಕಿ ಇಸಿದುಕೊಂಡು ಲೇಬಲ್ ಓದಿದೆ. ನೈಟ್ರೇಟ್. ದಿನಾ ಇಷ್ಟಿಷ್ಟು ಎಂಎಲ್ ನೀರಿಗೆ ಹಾಕಬೇಕಂತೆ.

"ರೀ, ಆ ಡಬ್ಬಿ ಆರಿಸಿಬಿಟ್ಟರೆ ನೈಟ್ರೇಟ್ ತಾನಾಗೇ ಬರಲ್ವಾ? ಪುಕ್ಕಟೆ?"

"ಆರಿಸಿದರೆ ಪಾಚಿ ಸಾಯುತ್ತೆ ಕಣೇ," ಅಂದರು ಇವರು, ಬಾಟಲಿ ಮುಚ್ಚಳ ತಿರುಗಿಸುತ್ತಾ.