ಭಾವ, ಸ್ವಲ್ಪ ಹತ್ತಿರ ಹೋಗಿ

ಫೋಟೊ ಹೇಗಿದೆ ಎಂದು ಕೇಳುವವರಲ್ಲಿ ಫೋಟೊ ಹೇಗಿದೆ ಎಂದು ತಿಳಿಯಬಯಸುವವರು ತೀರ ಕಡಿಮೆ. ಹೆಚ್ಚಿನವರ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆಯದೇ ಆಗಿರುತ್ತದೆ: ಕತ್ತಲಿರುವಾಗಲೇ ಎದ್ದು ಕಲ್ಯಾಣದಿಂದ ಲೋಕಲ್ ಹಿಡಿದು ಹೋದದ್ದು ಸಾರ್ಥಕವಾಯಿತೇ, ಇಷ್ಟು ದುಡ್ಡು ಸುರಿದು ಕ್ಯಾಮೆರಾ ಕೊಂಡದ್ದು ಸರಿಯೆಂದು ಮನೆಯವಳ ಎದುರು ಹೇಳುವಿರಾ, ನನ್ನ ಮೊಮ್ಮಗಳು ಮುದ್ದಾಗಿದ್ದಾಳಲ್ಲವೇ? ಇವಕ್ಕೆಲ್ಲ ಹೌದು ಎಂದುಬಿಟ್ಟರೆ ಮುಗಿಯಿತು. ಫೋಟೊ ಹೇಗಿದೆ ಎಂದು ನಿಜವಾಗಿ ಹೇಳುವುದು ಮಾತ್ರ ಕಷ್ಟ, ಮತ್ತು ಮುಂಬಯಿಯ ನಮ್ಮ ಕನ್ನಡ ಬಳಗದಲ್ಲಿ ಆ ಕಷ್ಟ ನನ್ನ ಪಾಲಿಗೆ ಬಂದಿದೆ.

ಬಂದದ್ದಕ್ಕೆ ಒಂದು ಹಿನ್ನೆಲೆಯುಂಟು. ನಾನು ಫೋಟೊಗ್ರಾಫರ್ ಅಲ್ಲ; ನಿವೃತ್ತನಾಗುವವರೆಗೆ ಫೋರ್ಟಿನ ಒಂದು ಜಾಹೀರಾತು ಕಂಪನಿಯಲ್ಲಿ ಲೆಕ್ಕ ಬರೆದವನು. ಅದು ಫಿಲ್ಮಿನ ಕಾಲ. ಫೋಟೊಗ್ರಾಫರುಗಳ ಬಿಲ್ಲುಗಳ ಜೊತೆಗೆ ಕಾಂಟ್ಯಾಕ್ಟ್ ಶೀಟುಗಳೂ ನನ್ನ ಮೇಜಿಗೆ ಬರುತ್ತಿದ್ದವು. ಒಂದು ರೋಲಿನ 36 ಚಿತ್ರಗಳು ನೆಗೆಟಿವ್‌ನಷ್ಟೇ ಗಾತ್ರದಲ್ಲಿ ಒಂದೇ ಹಾಳೆಯ ಮೇಲೆ ಸಾಲಾಗಿ ಅಚ್ಚಾಗಿರುತ್ತಿದ್ದವು; ಅವುಗಳಲ್ಲಿ ಒಂದರ ಸುತ್ತ ಕೆಂಪು ಪೆನ್ಸಿಲಿನ ವೃತ್ತ, ಮಿಕ್ಕವುಗಳ ಮೇಲೆ ಅಡ್ಡಗೀಟು. ವೃತ್ತದೊಳಗಿನದು ಯಾಕೆ ಗೆದ್ದಿತು, ಅದರ ಪಕ್ಕದ್ದು ಯಾಕೆ ಸೋತಿತು ಎಂದು ಬಿಲ್ಲು ಪಾಸು ಮಾಡುವ ಮೊದಲು ಯೋಚಿಸುವುದು ನನಗೊಂದು ಹವ್ಯಾಸವಾಗಿತ್ತು. ಇದನ್ನು ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಹೇಳಿದೆ. ಪಾಯಸ ಬರುವಷ್ಟರಲ್ಲಿ ನಾನು ಛಾಯಾಚಿತ್ರ ತಜ್ಞನೆಂದು ಎಲೆಯಿಂದ ಎಲೆಗೆ ಸುದ್ದಿ ಹರಡಿತ್ತು.

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದಾಗ, ಗುಂಡಿ ನೀವು ಒತ್ತಿ, ಉಳಿದದ್ದು ನಮಗಿರಲಿ ಎಂದು ಜಾಹೀರಾತು ಕೊಟ್ಟಿದ್ದ. 100 ಚಿತ್ರ ತೆಗೆದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಿದರೆ, ಅಚ್ಚು ಹಾಕಿದ ಚಿತ್ರಗಳೂ ಹೊಸ ಫಿಲ್ಮು ತುಂಬಿದ ಕ್ಯಾಮೆರಾವೂ ಮರಳಿ ಬರುತ್ತಿದ್ದವು. ಆ ಉಳಿದ ಕೆಲಸದಲ್ಲಿ ಅಭಿಪ್ರಾಯ ಹೇಳುವುದು ಸೇರಿರಲಿಲ್ಲ; ಅದನ್ನು ಆತ ಜಾಣತನದಿಂದ ಬಂಧುಬಳಗಕ್ಕೆ ಬಿಟ್ಟುಕೊಟ್ಟ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬಂಧುಬಳಗವು ಈ ಹೊಣೆಯನ್ನು ಸೂಪರ್, ನೈಸ್ ಕ್ಲಿಕ್ ಮತ್ತು ಜೋಡಿಸಿದ ಕೈಗಳ ಮೂಲಕ ನಿರ್ವಹಿಸುತ್ತದೆ. ಶ್ರದ್ಧಾಂಜಲಿಗೂ ಸೂರ್ಯೋದಯಕ್ಕೂ ಅವೇ ಕೈಗಳು. ಇದಕ್ಕಿಂತ ಉಪಯುಕ್ತವಾದದ್ದನ್ನು ಹೇಳಬೇಕೆಂದು ನಾನು ಮೊದಲಿಗೆ ಆಫೀಸುಗಳಲ್ಲಿ ಕಲಿಸುವ ವಿಧಾನವನ್ನೇ ಹಿಡಿದೆ: ಮೊದಲೊಂದು ಮೆಚ್ಚುಗೆ, ನಡುವೆ ದೋಷ, ಕೊನೆಗೆ ಮತ್ತೊಂದು ಮೆಚ್ಚುಗೆ. ವಡಾಪಾವ್‌ನಂತೆ ಎರಡು ಮೆತ್ತನೆಯ ಪಾವ್‌ಗಳ ನಡುವೆ ಖಾರದ ವಡೆ ಇಟ್ಟು ಕೊಟ್ಟರೆ ಯಾರೂ ಬೇಡವೆನ್ನಲಾರರು ಎಂಬುದು ಇದರ ತತ್ವ. ನಮ್ಮವರು ಪಾವ್ ಎರಡನ್ನೂ ತಿಂದು ವಡೆಯನ್ನು ತಟ್ಟೆಯಲ್ಲೇ ಬಿಟ್ಟರು. "ಬಣ್ಣ ಚೆನ್ನಾಗಿದೆ, ದಿಗಂತ ಸ್ವಲ್ಪ ವಾಲಿದೆ, ಸಮಯದ ಆಯ್ಕೆ ಸೊಗಸಾಗಿದೆ" ಎಂದು ನಾನು ಬರೆದದ್ದು, ಬಣ್ಣವೂ ಸಮಯವೂ ಸೊಗಸಾಗಿವೆ ಎಂದು ಮೆಚ್ಚಿದ್ದಾರೆ ಎಂಬ ರೂಪದಲ್ಲಿ ಥಾಣೆಯವರೆಗೂ ತಲುಪಿತು. ಮರೈನ್ ಡ್ರೈವಿನಲ್ಲಿ ಅರಬ್ಬೀ ಸಮುದ್ರ ವಾರವಾರವೂ ಎಡಕ್ಕೆ ಸೋರಿಹೋಗುತ್ತಲೇ ಇತ್ತು.

ಆದ್ದರಿಂದ ಈಗ ನನ್ನದು ಒಂದೇ ಪದ್ಧತಿ. ಮುಂದಿನ ಸಲ ಗುಂಡಿ ಒತ್ತುವ ಮೊದಲು ಮಾಡಬಹುದಾದ ಒಂದು ಕೆಲಸವನ್ನಷ್ಟೇ ಹೇಳುತ್ತೇನೆ. ಸಂಯೋಜನೆ ಸಡಿಲವಾಗಿದೆ, ಭಾವ ಸಾಲದು ಎಂಬಂಥ ಮಾತುಗಳಿಂದ ಯಾರ ಕಾಲೂ ಒಂದು ಹೆಜ್ಜೆ ಸರಿಯುವುದಿಲ್ಲ. ಎರಡು ಹೆಜ್ಜೆ ಎಡಕ್ಕೆ ಬನ್ನಿ ಎಂದರೆ ಸರಿಯುತ್ತದೆ. ಈ ಪದ್ಧತಿಯ ಅಪಾಯ ತಿಳಿದದ್ದು ನಾನು ಭಾವ ಎಂದು ಕರೆಯುವ ನನ್ನ ಷಡ್ಡಕರಿಂದ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ 300 ಮಿ.ಮೀ.ವರೆಗಿನ ಝೂಮ್ ಲೆನ್ಸಿನ ಸಮೇತ ಕ್ಯಾಮೆರಾ ಕೊಂಡಿರುವ ಅವರು, ಸುತ್ತೋಲೆಗಳನ್ನು ಅಕ್ಷರಶಃ ಜಾರಿಗೆ ತಂದೇ ನೌಕರಿ ಪೂರೈಸಿದವರು. ನನ್ನ ಅಭಿಪ್ರಾಯವನ್ನೂ ಅವರು ಸುತ್ತೋಲೆಯೆಂದೇ ಭಾವಿಸುತ್ತಾರೆ.

ಮೊದಲ ಸುತ್ತೋಲೆ ಹೊರಟದ್ದು ಶಿವಡಿಯ ಫ್ಲೆಮಿಂಗೊಗಳ ಬಗ್ಗೆ. ಚಳಿಗಾಲದಿಂದ ಬೇಸಿಗೆಯವರೆಗೆ ಸಾವಿರಾರು ಫ್ಲೆಮಿಂಗೊಗಳು ಶಿವಡಿ ಮತ್ತು ಥಾಣೆ ಖಾರಿಯ ಕೆಸರುಬಯಲಿಗೆ ಬಂದಿಳಿಯುತ್ತವೆ, ಅವುಗಳ ಹಿಂದೆ ಮುಂಬಯಿಯ ಕ್ಯಾಮೆರಾಗಳೂ ಬಂದಿಳಿಯುತ್ತವೆ. ಭಾವ ಕಳಿಸಿದ ಚಿತ್ರದಲ್ಲಿ ಬೂದು ಬಣ್ಣದ ವಿಸ್ತಾರ, ಮೇಲಂಚಿನಲ್ಲಿ ಸಾಲಾಗಿ ಕಪ್ಪು ಚುಕ್ಕೆಗಳು. "ಭಾವ, ಸ್ವಲ್ಪ ಹತ್ತಿರ ಹೋಗಬೇಕಿತ್ತು" ಎಂದೆ. ಮುಂದಿನ ಭಾನುವಾರ ಅವರು ಹೋದರು. ದಡದಿಂದ ಇಳಿದು, ಗಟ್ಟಿಯಾಗಿ ಕಂಡ ನೆಲದ ಮೇಲೆ ಕಾಲಿಟ್ಟು, ಮೊಣಕಾಲಿನವರೆಗೆ ಕೆಸರಿನೊಳಗೆ ಹೋದರು. ಅವರನ್ನು ಎಳೆದು ಮೇಲಕ್ಕೆ ತಂದ ಮೀನುಗಾರರು ಚಪ್ಪಲಿಗಳ ವಿಷಯದಲ್ಲಿ ಮಾತ್ರ ಯಾವ ಭರವಸೆಯನ್ನೂ ಕೊಡಲಿಲ್ಲವಂತೆ. ಅತ್ತಿಗೆ ಫೋನು ಮಾಡಿ, "ಹತ್ತಿರ ಹೋಗಿ ಅಂತ ಹೇಳಿದ್ದು ನೀವೇ ಅಲ್ಲವಾ?" ಎಂದು ಬಹಳ ಮೃದುವಾಗಿ ಕೇಳಿದರು. ಅವರ ಮೃದುತ್ವಕ್ಕೆ ನಮ್ಮ ಇಡೀ ಕುಟುಂಬವೇ ಹೆದರುತ್ತದೆ.

ಅಲ್ಲಿಂದಾಚೆಗೆ ಸುತ್ತೋಲೆಗೆ ವಿವರಣೆಗಳನ್ನು ಲಗತ್ತಿಸತೊಡಗಿದೆ. ಶಿವಡಿಯಲ್ಲಿ ನಾವು ಹಕ್ಕಿಯ ಬಳಿಗೆ ಹೋಗಬೇಕಾಗಿಲ್ಲ. ಉಬ್ಬರದ ವೇಳಾಪಟ್ಟಿ ನೋಡಿಕೊಂಡು ನೀರು ಏರುವ ಹೊತ್ತಿಗೆ ದಡದಲ್ಲಿ ನಿಂತರೆ ಸಾಕು, ನೀರು ಮುಂದೆ ಸರಿದಂತೆ ಹಕ್ಕಿಗಳೇ ದಡದ ಕಡೆಗೆ ಸರಿಯುತ್ತವೆ. ಆ ದಡ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಹೋದರೆ ಸೂರ್ಯ ನೇರ ಲೆನ್ಸಿನೊಳಗೇ ಇಣುಕಿ ಗುಲಾಬಿ ಹಕ್ಕಿಯನ್ನು ಕಾಗೆಯಾಗಿಸುತ್ತಾನೆ, ಮಧ್ಯಾಹ್ನದ ನಂತರ ಹೋದರೆ ಅದೇ ಬೆಳಕು ನಮ್ಮ ಬೆನ್ನ ಹಿಂದಿನಿಂದ ಹಕ್ಕಿಯ ಮೇಲೆ ಬೀಳುತ್ತದೆ. ಹೀಗೆಂದು ಬರೆದು ಕಳಿಸಿದೆ. ಭಾವ ಅಕ್ಷರ ತಪ್ಪದೆ ಪಾಲಿಸಿದರು. ಬೆಳಕು ಸರಿಯಾಗಿತ್ತು, ದೂರ ಸರಿಯಾಗಿತ್ತು, ಬಣ್ಣ ಬಂದಿತ್ತು. ಹಕ್ಕಿಗಳಿಗೆ ತಲೆಯೇ ಇರಲಿಲ್ಲ. ಫ್ಲೆಮಿಂಗೊ ಕೊಕ್ಕನ್ನು ತಲೆಕೆಳಗಾಗಿ ಕೆಸರುನೀರಿನಲ್ಲಿ ಅದ್ದಿ ಸೋಸಿ ತಿನ್ನುವ ಹಕ್ಕಿಯಾದ್ದರಿಂದ, ತಲೆ ಎತ್ತುವವರೆಗೆ ಕಾಯಬೇಕು ಎಂಬುದು ನನ್ನ ಲಗತ್ತಿನಲ್ಲಿ ಇಲ್ಲದ ಅಂಶವಾಗಿತ್ತು. "ನೀವು ಹೇಳಲಿಲ್ಲವಲ್ಲ" ಎಂದರು ಭಾವ. ಗುಂಪಿನಲ್ಲಿ ಆ ಚಿತ್ರಕ್ಕೆ ಹನ್ನೆರಡು ಜೋಡಿ ಕೈಗಳು ಬಂದವು.

ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಕತೆ ಇಷ್ಟು ದೀರ್ಘವಲ್ಲ. ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ವಿನ್ಯಾಸ ಮಾಡಿದ, 2004ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಆ ಕಟ್ಟಡ, ಭಾವನ ಚಿತ್ರದಲ್ಲಿ ಬೆನ್ನುನೋವಿನಿಂದ ಹಿಂದಕ್ಕೆ ಒರಗಿಕೊಂಡಿತ್ತು. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ನೆಟ್ಟಗಿನ ಗೆರೆಗಳೆಲ್ಲ ತುದಿಯಲ್ಲಿ ಒಂದನ್ನೊಂದು ಸೇರಲು ಹೊರಡುತ್ತವೆ. ಹಿಂದಕ್ಕೆ ಹೋಗಿ, ಕ್ಯಾಮೆರಾವನ್ನು ನೆಲಕ್ಕೆ ಲಂಬವಾಗಿ ಹಿಡಿದು, ಬೇಡವಾದ ರಸ್ತೆಯನ್ನು ಆಮೇಲೆ ಕತ್ತರಿಸಿದರಾಯಿತು. ಹಿಂದಕ್ಕೆ ಹೋಗಿ ಎಂದು ಬರೆಯುವಾಗ ಈ ಸಲ ಎಚ್ಚರದಿಂದ, ರಸ್ತೆಯಲ್ಲಿ ಬೇಡ ಎಂದೂ ಸೇರಿಸಿದೆ. ಅವರು ಫುಟ್‌ಪಾತಿನಲ್ಲೇ ಹಿಮ್ಮುಖವಾಗಿ ನಡೆದು ಎಳನೀರಿನ ಗಾಡಿಗೆ ಒರಗಿದರು. ಉರುಳಿದ ಎಳನೀರುಗಳಲ್ಲಿ ಒಡೆದವುಗಳ ಹಣ ಕೊಟ್ಟು ಕುಡಿದೂ ಬಂದರು. ಕಟ್ಟಡ ಮಾತ್ರ ನೆಟ್ಟಗೆ ನಿಂತಿತ್ತು. ಮುಂದಿನ ಸಲ ಕಟ್ಟಡವನ್ನು ಚೌಕಟ್ಟಿನ ನಟ್ಟನಡುವೆ ಇಡದೆ ಮೂರನೆಯ ಒಂದು ಭಾಗಕ್ಕೆ ಸರಿಸಿ ನೋಡಿ ಎನ್ನಬೇಕೆಂದಿದ್ದೆ. ಆದರೆ ಈ ಮೂರನೇ ಒಂದರ ನಿಯಮಕ್ಕೆ ಹೆಸರಿಟ್ಟವನು 1797ರಲ್ಲಿ, ಫೋಟೊಗ್ರಫಿ ಹುಟ್ಟುವುದಕ್ಕೂ ಮೊದಲೇ, ನಿಸರ್ಗಚಿತ್ರಗಳ ಬಗ್ಗೆ ಬರೆದ ಜಾನ್ ಥಾಮಸ್ ಸ್ಮಿತ್. ಆತನ ಕಾಲದ ಚಿತ್ರಕಾರರು ಕುಂಚ ಹಿಡಿದು ಹಿಮ್ಮುಖವಾಗಿ ನಡೆಯುತ್ತಿರಲಿಲ್ಲ. ಸುಮ್ಮನಾದೆ.

ಮೊಬೈಲಿನಲ್ಲಿ ತೆಗೆಯುವವರಿಗೆ ಕೊಡಬೇಕಾದ ಸಲಹೆ ಇದಕ್ಕಿಂತ ಸರಳ. ಮಾಟುಂಗದಲ್ಲಿ ಹೋಟೆಲು ನಡೆಸುವ ಹಿರಿಯರೊಬ್ಬರು ಪ್ರತಿ ರಾತ್ರಿ ಅಂಗಡಿ ಮುಚ್ಚಿ ಹೋಗುವಾಗ ಬೀದಿಯ ಚಿತ್ರ ತೆಗೆಯುತ್ತಾರೆ. ದೀಪಗಳಿಂದ ಬಾಲದಂತೆ ಹೊರಟ ಗೆರೆಗಳು, ಎಲ್ಲದರ ಮೇಲೂ ಹಾಲಿನ ಬಣ್ಣದ ಮಂಜು. ಇದು ತಮ್ಮ ಶೈಲಿಯೆಂದು ಅವರು ನಂಬಿದ್ದರು, ಗುಂಪಿನಲ್ಲಿ ಒಬ್ಬರು ಕಾವ್ಯಾತ್ಮಕ ಎಂದೂ ಬರೆದಿದ್ದರು. "ಮಾರಾಯ್ರೇ, ಲೆನ್ಸ್ ಒರೆಸಿ ನೋಡಿ" ಎಂದೆ. ಒರೆಸಿದರು. ದೋಸೆಯ ಎಣ್ಣೆ ಹೋದ ಕೂಡಲೇ ಬೀದಿ ಬೀದಿಯಂತೆ ಕಂಡಿತು. ಅವರಿಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಎಸಿ ಲೋಕಲಿನಿಂದ ಮಳೆಗಾಲದ ಪ್ಲಾಟ್‌ಫಾರ್ಮಿಗೆ ಇಳಿದ ಕೂಡಲೇ ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ಹನಿಗಟ್ಟಿ ಬರುವ ಮಂಜು ಇನ್ನೊಂದು ಬಗೆಯದು. ಅದಕ್ಕೆ ಒರೆಸುವುದಕ್ಕಿಂತ ಕಾಲು ಗಂಟೆ ಕಾಯುವುದೇ ಮದ್ದು. ಆದರೆ ಮುಂಬಯಿಯ ಪ್ಲಾಟ್‌ಫಾರ್ಮಿನಲ್ಲಿ ಕಾಲು ಗಂಟೆ ನಿಲ್ಲಿ ಎಂದು ಹೇಳುವ ಧೈರ್ಯ ನನಗಿಲ್ಲ.

ಮುಖಗಳ ವಿಷಯಕ್ಕೆ ನಾನು ಕೈ ಹಾಕುವುದಿಲ್ಲ. ಮೊಬೈಲನ್ನು ಮೊಳದಷ್ಟು ದೂರದಲ್ಲಿ ಹಿಡಿದು ತೆಗೆದರೆ ಹತ್ತಿರವಿರುವ ಮೂಗು ಉಬ್ಬಿ, ದೂರವಿರುವ ಕಿವಿಗಳು ಮಾಯವಾಗುತ್ತವೆ. ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಝೂಮ್ ಮಾಡಿದರೆ ಮುಖ ಮುಖವಾಗಿಯೇ ಉಳಿಯುತ್ತದೆ. ಇದು ಅಂತರಕ್ಕೆ ಸಂಬಂಧಿಸಿದ ಮಾತು. ಡೊಂಬಿವಲಿಯ ನಮ್ಮ ಅಕ್ಕನಿಗೆ ಇದನ್ನು ಹೇಳಿದಾಗ, ಅವಳ ಸೊಸೆಯ ಮೂಗಿನ ಬಗ್ಗೆ ನಾನೇನೋ ಅಂದೆ ಎಂಬ ಅರ್ಥದಲ್ಲಿ ಸೊಸೆಯ ತವರಾದ ಹುಬ್ಬಳ್ಳಿಗೆ ಸುದ್ದಿ ಮುಟ್ಟಿತು.

ಇನ್ನು ದಾದರಿನ ಹೂವಿನ ಮಾರುಕಟ್ಟೆ. ಬೆಳಕು ಹರಿಯುವ ಮೊದಲೇ ರಾಶಿ ರಾಶಿ ಚೆಂಡುಹೂವು ಇಳಿಯುವ ಆ ಜಾಗದಲ್ಲಿ ಭಾವ ನಿಂತೇ ಚಿತ್ರ ತೆಗೆಯುತ್ತಿದ್ದರು. ಎಲ್ಲದರಲ್ಲೂ ಜನರ ನೆತ್ತಿ. ಸ್ವಲ್ಪ ಕೆಳಗಿನಿಂದ ತೆಗೆಯಿರಿ ಎಂದೆ. ಅವರು ಬುಟ್ಟಿಗಳ ನಡುವೆ ಕುಕ್ಕುರುಗಾಲಿನಲ್ಲಿ ಕುಳಿತರು. ತಲೆಯ ಮೇಲೆ ಹೊರೆ ಹೊತ್ತ ಹಮಾಲನೊಬ್ಬ "ಬಾಜೂಲಾ ವ್ಹಾ!" ಎಂದು, ಪಕ್ಕಕ್ಕೆ ಸರಿಯಿರೆಂದು ಮರಾಠಿಯಲ್ಲಿ ಕೂಗುತ್ತ ಬಂದ ರಭಸಕ್ಕೆ ಭಾವ ಅಬ್ಬಲಿಗೆಯ ರಾಶಿಯ ಮೇಲೆ ಹಿಂದಕ್ಕೆ ಬಿದ್ದರು, ಬೀಳುವಾಗ ಬೆರಳು ತಾನಾಗಿ ಗುಂಡಿ ಒತ್ತಿತು. ಮಂದ ಬೆಳಕಿನಲ್ಲಿ, ಬೆಳಕನ್ನು ಒಳಬಿಟ್ಟು ಮುಚ್ಚುವ ಶಟರಿನ ವೇಗ ಸೆಕೆಂಡಿನ 1/30ಕ್ಕೆ ಇಳಿದಿತ್ತು. 300 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದಾಗ ಚಿತ್ರ ಅಲುಗದಿರಲು ಹಳೆಯ ಲೆಕ್ಕದ ಪ್ರಕಾರ ಕನಿಷ್ಠ 1/300ರ ವೇಗ ಬೇಕು. ಹೀಗಾಗಿ ಹಮಾಲ ಕೇಸರಿ ಬಣ್ಣದ ಒಂದು ಬೀಸಾಗಿ ಹರಿದುಹೋಗಿದ್ದ. ಅವನ ಹಿಂದೆ, ಅದು ಹೇಗೋ ಅಲುಗದೆ ಉಳಿದ ಒಂದು ಮೂಲೆಯಲ್ಲಿ, ಹೂ ಮಾರುವ ಹೆಂಗಸು ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಭಾವನನ್ನು ನೋಡಿ ನಗುತ್ತಿದ್ದಳು. ಭಾವ ಶೇಕ್ ಆಗಿದೆ ಎಂದು ಅದನ್ನು ಅಳಿಸಲು ಹೊರಟಿದ್ದರು. ಆ ಕ್ಷಣದಲ್ಲಿ ನಾನು ಕೊಟ್ಟ ಅಭಿಪ್ರಾಯವೆಂದರೆ ಅವರ ಕೈಯಿಂದ ಕ್ಯಾಮೆರಾ ಕಿತ್ತುಕೊಂಡದ್ದು. ಕಾಂಟ್ಯಾಕ್ಟ್ ಶೀಟುಗಳಲ್ಲಿ ನಾನು ವರ್ಷಗಟ್ಟಲೆ ನೋಡಿದ್ದು ಇದನ್ನೇ: ತೆಗೆದವನು ದೋಷವೆಂದು ಬಿಟ್ಟದ್ದರ ಸುತ್ತ ಇನ್ನೊಬ್ಬರು ಕೆಂಪು ವೃತ್ತ ಎಳೆಯುತ್ತಿದ್ದರು. ಭಾವ ಅರ್ಧ ಗಂಟೆ ವಾದ ಮಾಡಿದರು. ಅಲುಗಬಾರದು ಎಂದು ಹೇಳಿದ್ದು ನೀವೇ ಅಲ್ಲವೇ ಎಂಬ ಅವರ ಪ್ರಶ್ನೆಗೆ, ಸುತ್ತೋಲೆಗೆ ತಿದ್ದುಪಡಿ ಇರುತ್ತದೆ ಎಂದಾಗಷ್ಟೇ ಅವರಿಗೆ ಸಮಾಧಾನವಾಯಿತು.

ನವೆಂಬರಿನಲ್ಲಿ ನಮ್ಮ ಬಳಗದ ರಾಜ್ಯೋತ್ಸವಕ್ಕೆ ಸದಸ್ಯರ ಛಾಯಾಚಿತ್ರ ಪ್ರದರ್ಶನವೂ ನಡೆಯಿತು. ಭಾವ ತಲೆಯಿಲ್ಲದ ಫ್ಲೆಮಿಂಗೊಗಳನ್ನು ಎರಡು ಅಡಿ ಅಗಲಕ್ಕೆ ಅಚ್ಚು ಹಾಕಿಸಿ, ಬಂಗಾರದ ಅಂಚಿನ ಚೌಕಟ್ಟು ಕಟ್ಟಿಸಿ, ಬಾಗಿಲಿನ ಎದುರಿಗೇ ತೂಗುಹಾಕಿದರು. ನನ್ನ ಒತ್ತಾಯಕ್ಕೆ ಹೂವಿನವಳ ಚಿತ್ರವನ್ನೂ ತಂದಿದ್ದರು. ಅದು ಪೋಸ್ಟ್‌ಕಾರ್ಡಿನ ಗಾತ್ರದಲ್ಲಿ ಉಪ್ಪಿಟ್ಟು ಬಡಿಸುವ ಮೇಜಿನ ಹಿಂದಿತ್ತು. ಬಂದವರೆಲ್ಲ ಫ್ಲೆಮಿಂಗೊಗಳ ಮುಂದೆ ಕೈಕಟ್ಟಿ ನಿಂತರು. ಅಭಿಪ್ರಾಯ ಹೇಳಲೇಬೇಕಾದ ಸಂಕಟ ಅವರ ಮುಖಗಳಲ್ಲಿ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೊನೆಗೆ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು, "ಫ್ರೇಮ್ ಬಹಳ ಚೆನ್ನಾಗಿದೆ. ಎಲ್ಲಿ ಮಾಡಿಸಿದ್ದು?" ಎಂದರು. ಹಿಂದಿದ್ದವರೆಲ್ಲ ಬಿಡುಗಡೆಯ ಉಸಿರು ಬಿಟ್ಟು, ಹೌದು ಹೌದು, ಫ್ರೇಮ್ ಚೆನ್ನಾಗಿದೆ ಎಂದರು. ಭಾವ ಜೇಬಿನಿಂದ ಪೆನ್ನು ತೆಗೆದು ಕೇಳಿದವರಿಗೆಲ್ಲ ಅಂಗಡಿಯ ವಿಳಾಸ ಬರೆದುಕೊಟ್ಟರು. ಬುಧವಾರ ಹೋಗಬೇಡಿ, ಮುಚ್ಚಿರುತ್ತದೆ ಎಂದು ಕೆಳಗೊಂದು ಸೂಚನೆಯನ್ನೂ ಸೇರಿಸಿದರು.