ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ ಫಾರ್ಮ್ಯಾಟೇ ಮದ್ದಲ್ಲ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ವಿಂಡೋಸ್ 11 ಹಾಕುವ ಪ್ರಯತ್ನ ನಡೆಯುತ್ತಲೇ ಇದೆ. ಕೆಲವು ಕಂಪ್ಯೂಟರು ಸಲೀಸಾಗಿ ಮೇಲೇರುತ್ತವೆ. ಕೆಲವು ಅರ್ಧದವರೆಗೆ ಹೋಗಿ, ಎರಡು ಮೂರು ಸಲ ರೀಸ್ಟಾರ್ಟ್ ಆಗಿ, 'ಅನ್‌ಡೂಯಿಂಗ್ ಚೇಂಜಸ್' ಎಂದು ತೋರಿಸಿ ಹಳೆಯ ವಿಂಡೋಸಿಗೇ ಮರಳುತ್ತವೆ. ಆಗ ಯಾರನ್ನು ಕೇಳಿದರೂ ಹೆಚ್ಚಾಗಿ ಬರುವ ಸಲಹೆ, "ಫಾರ್ಮ್ಯಾಟ್ ಮಾಡಿ ಹೊಸತಾಗಿ ಹಾಕುವ". ಇದನ್ನು ನಾನು ಒಪ್ಪುವುದಿಲ್ಲ.

ಹಳೆಯ ವಿಂಡೋಸಿಗೆ ಮರಳಿತು ಎಂದರೆ ನಿಮ್ಮ ಕಡತಗಳು, ಪ್ರೋಗ್ರಾಮುಗಳು ಇದ್ದ ಹಾಗೇ ಇವೆ ಎಂದರ್ಥ. ಫಾರ್ಮ್ಯಾಟ್ ಮಾಡುವಾಗ ಡೆಸ್ಕ್‌ಟಾಪಿನ ಫೋಲ್ಡರುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೂ ಫಾಂಟುಗಳನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ದೇವಸ್ಥಾನದ ಬ್ರಹ್ಮಕಲಶದ ಲೆಕ್ಕ, ಯಕ್ಷಗಾನದ ಪದ್ಯಗಳು, ಸಂಘದ ನಡಾವಳಿ ಎಲ್ಲ 'ನುಡಿ', 'ಬರಹ' ಎಂಬ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೆಯ ಕಾಲದ ಫಾಂಟಿನಲ್ಲಿ ಟೈಪ್ ಆಗಿರುತ್ತವೆ. ಅವು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡ್ ಅಲ್ಲ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪಂಚಾಯತಿಗೆಂದು ಮಲಯಾಳದಲ್ಲಿ ಟೈಪ್ ಮಾಡಿದ ಹಳೆಯ ಅರ್ಜಿಗಳಿಗೂ ಅದೇ ಗತಿ. ಹಾಗಾಗಿ ಬೇರೇನು ಮಾಡುವ ಮೊದಲೂ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗಿರುವ ಫಾಂಟ್ಸ್ ಫೋಲ್ಡರಿನಿಂದ ಕನ್ನಡ, ಮಲಯಾಳ ಫಾಂಟುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಜೊತೆಗೆ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಡೇಟಾ ಫೋಲ್ಡರ್, ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರ್ (ಉಪಕರಣವನ್ನು ವಿಂಡೋಸಿಗೆ ಹೊಂದಿಸುವ ತಂತ್ರಾಂಶ), ಪ್ರಿಂಟರಿನ ಡ್ರೈವರ್.

ಇನ್ನು ಕಾರಣ ಹುಡುಕುವ ಕೆಲಸ. ಅಪ್‌ಗ್ರೇಡ್ ಸೋತಾಗ ಪರದೆಯಲ್ಲಿ ಒಂದು ಕೋಡ್ ಬರುತ್ತದೆ. ಅದನ್ನು ಮುಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಡಿ. ಕೋಡ್ 80070070 ಎಂದು ಮುಗಿದರೆ ಸಿ ಡ್ರೈವಿನಲ್ಲಿ ಜಾಗ ಸಾಲದು. ಡಿ ಡ್ರೈವಿನಲ್ಲಿ ಎಷ್ಟೇ ಖಾಲಿ ಇದ್ದರೂ ಲೆಕ್ಕಕ್ಕಿಲ್ಲ. ಸಿ ಡ್ರೈವಿನಲ್ಲೇ 30 ಜಿಬಿಯಷ್ಟು ಬಿಡುವು ಇರಲಿ. ಡೌನ್‌ಲೋಡ್ಸ್ ಫೋಲ್ಡರ್ ಖಾಲಿ ಮಾಡಿ ಹೈಬರ್ನೇಷನ್ ನಿಲ್ಲಿಸಿದರೆ ಕೆಲವು ಜಿಬಿ ಸಿಗುತ್ತದೆ. ಸಿ1900208 ಬಂದರೆ ಯಾವುದೋ ಹಳೆಯ ಪ್ರೋಗ್ರಾಮ್ ಹೊಸ ವಿಂಡೋಸಿಗೆ ಒಗ್ಗುತ್ತಿಲ್ಲ. ಸಿ1900200 ಬಂದರೆ ಯಂತ್ರವೇ ಅರ್ಹತೆ ಮುಟ್ಟಿಲ್ಲ.

ಹೆಚ್ಚು ಗೊಂದಲ ಮಾಡುವುದು ಸಿ1900101. ಇದು ಬಹುಪಾಲು ಡ್ರೈವರಿನ ತಕರಾರು. ಇದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಇರುತ್ತದೆ: 20017, 30018, 40017 ಇತ್ಯಾದಿ. ಅದರ ಮೊದಲ ಅಂಕಿಯನ್ನು ನೋಡಿ. 2 ಆದರೆ ಮೊದಲ ರೀಸ್ಟಾರ್ಟಿನ ನಂತರದ ಸೇಫ್ ಓಎಸ್ (ಅಪ್‌ಗ್ರೇಡಿಗೆಂದು ತಾತ್ಕಾಲಿಕವಾಗಿ ಏಳುವ ಪುಟ್ಟ ವ್ಯವಸ್ಥೆ) ಹಂತದಲ್ಲಿ ಬಿದ್ದಿದೆ, 3 ಆದರೆ ಹೊಸ ವಿಂಡೋಸ್ ಮೊದಲ ಸಲ ಎದ್ದಾಗ, 4 ಆದರೆ ಎರಡನೆಯ ಸಲ ಎದ್ದಾಗ. ಮೊದಲ ಮದ್ದು ಮೂರಕ್ಕೂ ಒಂದೇ. ಕೀಬೋರ್ಡ್, ಮೌಸ್, ಮಾನಿಟರ್ ಬಿಟ್ಟು ಪ್ರಿಂಟರ್, ವೆಬ್‌ಕ್ಯಾಮ್, ಸಹಿಯ ಟೋಕನ್, ಡಾಂಗಲ್, ಮೆಮೊರಿ ಕಾರ್ಡ್, ಹೊರಗಿನ ಹಾರ್ಡ್‌ಡಿಸ್ಕ್ ಎಲ್ಲವನ್ನೂ ತೆಗೆಯಿರಿ. ಬೇರೆ ಆಂಟಿವೈರಸ್ ಇದ್ದರೆ ನಿಲ್ಲಿಸಿದರೆ ಸಾಲದು, ಅನ್‌ಇನ್‌ಸ್ಟಾಲ್ ಮಾಡಬೇಕು. ಅದರ ಡ್ರೈವರ್ ಒಳಗೆ ಕುಳಿತೇ ಇರುತ್ತದೆ. ಡಿಸ್ಪ್ಲೇ ಮತ್ತು ಚಿಪ್‌ಸೆಟ್ ಡ್ರೈವರುಗಳನ್ನು ತಯಾರಕರ ತಾಣದಿಂದಲೇ ಹೊಸತು ಮಾಡಿ. ಡ್ರೈವರ್ ಹಾಕಿಕೊಡುತ್ತೇವೆ ಎನ್ನುವ ಉಚಿತ ತಂತ್ರಾಂಶಗಳ ಸಹವಾಸ ಬೇಡ.

ಯಾವ ಡ್ರೈವರ್ ಎಂದು ತಿಳಿಯಬೇಕಾದರೆ ಮೈಕ್ರೋಸಾಫ್ಟಿನದ್ದೇ ಸೆಟಪ್‌ಡಯಾಗ್ ಎಂಬ ಉಪಕರಣ ಉಂಟು. ಅಪ್‌ಗ್ರೇಡ್ ಸೋತಾಗ ಅದು ತಾನಾಗಿಯೇ ಓಡಿ ವಿಂಡೋಸ್ ಫೋಲ್ಡರಿನ ಲಾಗ್ಸ್ ಒಳಗೆ ಸೆಟಪ್‌ಡಯಾಗ್ ಎಂಬ ಫೋಲ್ಡರಿನಲ್ಲಿ ಫಲಿತಾಂಶ ಬರೆದಿಡುತ್ತದೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಕಾರಣ ಒಂದೆರಡು ಸಾಲಿನಲ್ಲಿ ಸಿಗುತ್ತದೆ. ಈ ಕಡತವನ್ನು ಐದು ನಿಮಿಷ ಕೂತು ಓದದೆ ಫಾರ್ಮ್ಯಾಟಿಗೆ ಇಳಿಯುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ನಮ್ಮ ಊರಿನದ್ದೇ ಆದ ಒಂದು ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗುಡುಗು ಸಿಡಿಲಿಗೆ ಹೆದರಿ ನಾವೆಲ್ಲ ಕಂಪ್ಯೂಟರಿನ ಪ್ಲಗ್ ಕಿತ್ತಿಡುತ್ತೇವೆ. ಕಿತ್ತಿಡಲೇಬೇಕು, ಜೊತೆಗೆ ರೂಟರಿನಿಂದ ಬರುವ ಲ್ಯಾನ್ ವಯರನ್ನೂ. ಆದರೆ ಪ್ಲಗ್ ಇಲ್ಲದಷ್ಟು ಹೊತ್ತೂ ಮದರ್‌ಬೋರ್ಡಿನ ಗಡಿಯಾರ ಓಡುವುದು ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿಯಿಂದ. ಮಳೆಗಾಲವಿಡೀ ಪ್ಲಗ್ ತೆಗೆದಿಟ್ಟ ಡೆಸ್ಕ್‌ಟಾಪಿನಲ್ಲಿ ಅದು ಬೇಗ ಸೋಲುತ್ತದೆ. ಸೋತರೆ ಎರಡು ತೊಂದರೆ. ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತದೆ. ತಾರೀಕು ತಪ್ಪಿದರೆ ಭದ್ರತಾ ಸರ್ಟಿಫಿಕೇಟುಗಳು ಹೊಂದದೆ ವಿಂಡೋಸ್ ಅಪ್‌ಡೇಟ್ ಸರ್ವರಿಗೆ ಸಂಪರ್ಕವೇ ಸಿಗುವುದಿಲ್ಲ. ಎರಡನೆಯದು, ಬಯೋಸಿನ (ವಿಂಡೋಸಿಗಿಂತ ಮೊದಲು ಏಳುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಸೆಟ್ಟಿಂಗುಗಳು ಕಾರ್ಖಾನೆಯ ಸ್ಥಿತಿಗೆ ಹೋಗುತ್ತವೆ. ಅನೇಕ ಬೋರ್ಡುಗಳಲ್ಲಿ ಆ ಸ್ಥಿತಿಯಲ್ಲಿ ವಿಂಡೋಸ್ 11 ಕೇಳುವ ಭದ್ರತಾ ಘಟಕವಾದ ಟಿಪಿಎಂ ಆಫ್ ಇರುತ್ತದೆ. ಮೊನ್ನೆ ಅರ್ಹ ಎಂದ ಕಂಪ್ಯೂಟರು ಇಂದು ಅನರ್ಹ ಎನ್ನುವುದು ಹೀಗೆ. ಮಲ್ಟಿಮೀಟರಿನಲ್ಲಿ ಬ್ಯಾಟರಿ 3 ವೋಲ್ಟಿನ ಆಸುಪಾಸು ತೋರಿಸಬೇಕು, 2.8ಕ್ಕಿಂತ ಕೆಳಗಿದ್ದರೆ ಬದಲಿಸಿ. ಕೆಲವೇ ಹತ್ತರ ನೋಟುಗಳ ಖರ್ಚು.

ಆಮೇಲೆ ಬಯೋಸಿಗೆ ಹೋಗಿ ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿರುವ ಟಿಪಿಎಂ ಅನ್ನು ಆನ್ ಮಾಡಿ. ಲ್ಯಾಪ್‌ಟಾಪಿನವರು ಬಯೋಸ್ ಮುಟ್ಟುವ ಮೊದಲು ಡಿಸ್ಕಿಗೆ ಬೀಗ ಹಾಕಿಡುವ ಡಿವೈಸ್ ಎನ್‌ಕ್ರಿಪ್ಷನ್ ಅಥವಾ ಬಿಟ್‌ಲಾಕರ್ ಆನ್ ಇದೆಯೇ ಎಂದು ನೋಡಲೇಬೇಕು. ಇದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿ, 48 ಅಂಕಿಗಳ ರಿಕವರಿ ಕೀಯನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದಕ್ಕೆ ಬರೆದಿಡಿ. ಅದು ಕೈಯಲ್ಲಿಲ್ಲದಿದ್ದರೆ ಡಿಸ್ಕಿನಲ್ಲಿರುವ ಫೋಟೋಗಳನ್ನು ಯಾರಿಂದಲೂ ತೆಗೆದುಕೊಡಲಾಗದು.

ಕರೆಂಟಿನ ಮಾತೂ ಇಲ್ಲೇ ಬರುತ್ತದೆ. ಮನೆಯ 600 ವಿಎ ಯುಪಿಎಸ್‌ನೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟಿನ 7 ಎಎಚ್ ಬ್ಯಾಟರಿ. ಹೊಸತಿದ್ದಾಗಲೂ ಕಾಲು ಗಂಟೆಯ ಆಚೀಚೆ, ಎರಡು ಮೂರು ವರ್ಷ ಕಳೆದರೆ ಒಂದೆರಡು ನಿಮಿಷ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಅಪ್‌ಗ್ರೇಡಿಗೆ ಎರಡು ಮೂರು ಗಂಟೆ ಬೇಕು. ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಕಳೆದರೆ ಗುಡುಗು ಶುರು, ಹಾಗಾಗಿ ಬೆಳಗ್ಗೆ ಏಳಕ್ಕೇ ಹಚ್ಚಿ. ಇನ್‌ವರ್ಟರ್ ಇದ್ದವರು ಕಂಪ್ಯೂಟರನ್ನು ಅದರ ಲೈನಿಗೇ ಹಾಕಿಕೊಳ್ಳಿ. ನಡುವೆ ಕರೆಂಟು ಹೋದರೂ ಹೆಚ್ಚಿನ ಸಲ ಹಿಂದಿನ ಸ್ಥಿತಿಗೆ ಮರಳುತ್ತದೆ. ಪರದೆ ಕಪ್ಪಾಯಿತೆಂದು ನಾವೇ ಪವರ್ ಬಟನ್ ಒತ್ತಿ ಹಿಡಿಯುವುದು ಹೆಚ್ಚು ಅಪಾಯ. ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕಾಯಿರಿ.

ಇನ್ನು 'ಸೆಕ್ಯೂರ್ ಬೂಟ್ ಬೆಂಬಲ ಇಲ್ಲ' ಎಂಬ ಸಂದೇಶ. ನಂಬಿಕೆಯ ತಂತ್ರಾಂಶದಿಂದ ಮಾತ್ರ ಕಂಪ್ಯೂಟರನ್ನು ಏಳಲು ಬಿಡುವ ಭದ್ರತೆಯೇ ಸೆಕ್ಯೂರ್ ಬೂಟ್. ಪೇಟೆಯಲ್ಲಿ ಜೋಡಿಸಿಕೊಟ್ಟ ಡೆಸ್ಕ್‌ಟಾಪುಗಳಲ್ಲಿ ಇದು ಸಾಮಾನ್ಯ. ಬೋರ್ಡ್ ಹೊಸತೇ, ಆದರೆ ವಿಂಡೋಸನ್ನು ಹಳೆಯ ಲೆಗಸಿ ಕ್ರಮದಲ್ಲಿ, ಎಂಬಿಆರ್ ಎಂಬ ಹಳೆಯ ರೀತಿಯಲ್ಲಿ ವಿಭಾಗಿಸಿದ ಡಿಸ್ಕಿನಲ್ಲಿ ಹಾಕಿರುತ್ತಾರೆ. ಇದನ್ನು ಹೊಸ ರೀತಿಯಾದ ಜಿಪಿಟಿಗೆ ಬದಲಿಸಲು ಫಾರ್ಮ್ಯಾಟ್ ಬೇಕಿಲ್ಲ. ವಿಂಡೋಸಿನೊಳಗೇ ಎಂಬಿಆರ್‌2ಜಿಪಿಟಿ ಎಂಬ ಆದೇಶ ಇದೆ. ಮೊದಲು ವ್ಯಾಲಿಡೇಟ್ (ಪರೀಕ್ಷೆ) ಮಾಡಿ, ಅದು ಪಾಸಾದರೆ ಮಾತ್ರ ಕನ್ವರ್ಟ್ (ಬದಲಾವಣೆ). ಇಲ್ಲಿ ಅದು ಸೋಲುವುದಕ್ಕೆ ಒಂದು ಖಚಿತ ಕಾರಣ ಉಂಟು. ಒಂದೇ ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ಹಂಚಿದಾಗ ಕೊನೆಯವು ಲಾಜಿಕಲ್ ವಿಭಾಗಗಳಾಗಿರುತ್ತವೆ. ಈ ಆದೇಶ ಪ್ರೈಮರಿ ವಿಭಾಗ ಮೂರಕ್ಕಿಂತ ಹೆಚ್ಚಿದ್ದರೂ ಒಪ್ಪುವುದಿಲ್ಲ, ಲಾಜಿಕಲ್ ಒಂದಿದ್ದರೂ ಒಪ್ಪುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಹಸಿರು ಗೆರೆಯ ಚೌಕದೊಳಗೆ ಕಾಣುವುದೇ ಲಾಜಿಕಲ್. ಅದರಲ್ಲಿರುವುದನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಕಲು ತೆರೆಯುತ್ತದೆಯೇ ಎಂದು ಖಾತ್ರಿ ಮಾಡಿಕೊಂಡು, ಆ ವಿಭಾಗಗಳನ್ನು ಅಳಿಸಿ ಮತ್ತೆ ವ್ಯಾಲಿಡೇಟ್ ಮಾಡಿ. ಕನ್ವರ್ಟ್ ಆದ ಮೇಲೆ ಕಂಪ್ಯೂಟರು ಏಳುವುದಿಲ್ಲ. ಗಾಬರಿ ಬೇಡ, ಬಯೋಸಿನಲ್ಲಿ ಲೆಗಸಿಯಿಂದ ಹೊಸ ಕ್ರಮವಾದ ಯುಇಎಫ್‌ಐಗೆ ಬದಲಿಸಿ, ಹಳೆಯ ಕ್ರಮಕ್ಕೆ ಎಡೆಕೊಡುವ ಸಿಎಸ್‌ಎಂ ಆಫ್ ಮಾಡಿದರೆ ಏಳುತ್ತದೆ.

'ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ' ಎಂದು ಬಂದರೆ ಬೂಟ್ ಕಡತಗಳಿರುವ 100 ಎಂಬಿಯ ಪುಟ್ಟ ವಿಭಾಗ ತುಂಬಿದೆ. ಜಿಪಿಟಿ ಡಿಸ್ಕಿನಲ್ಲಿ ಮೈಕ್ರೋಸಾಫ್ಟೇ ಹೇಳುವ ಪರಿಹಾರ: ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, ಮೌಂಟ್‌ವಾಲ್ ಆದೇಶದಿಂದ ಆ ವಿಭಾಗಕ್ಕೆ ವೈ ಎಂಬ ಡ್ರೈವ್ ಅಕ್ಷರ ಕೊಟ್ಟು, ಅದರೊಳಗೆ ಇಎಫ್‌ಐ, ಮೈಕ್ರೋಸಾಫ್ಟ್, ಬೂಟ್, ಫಾಂಟ್ಸ್ ಎಂದು ಇಳಿದು ಅಲ್ಲಿನ ಫಾಂಟ್ ಕಡತಗಳನ್ನು ಅಳಿಸುವುದು. ಇವು ಬೂಟ್ ಪರದೆಯ ಫಾಂಟುಗಳು, ನಮ್ಮ ನುಡಿಗೂ ಇವಕ್ಕೂ ಸಂಬಂಧವಿಲ್ಲ. ಪಕ್ಕದ ಫೋಲ್ಡರುಗಳನ್ನು ಮುಟ್ಟಬಾರದು.

ಮೊಬೈಲ್ ಹಾಟ್‌ಸ್ಪಾಟಿನ ದಿನದ ಒಂದೂವರೆ ಜಿಬಿಯಲ್ಲಿ ಅಪ್‌ಗ್ರೇಡ್ ಇಳಿಸಲು ಹೊರಟರೆ ಅರ್ಧ ಇಳಿದು ನಿಲ್ಲುತ್ತದೆ. ಫೈಬರ್ ಇರುವ ಮನೆಯಲ್ಲಿ ಇಡೀ ವಿಂಡೋಸ್ 11 ಒಂದರಲ್ಲೇ ಇರುವ ಐಎಸ್‌ಒ ಕಡತ ಇಳಿಸಿ ತನ್ನಿ, ಐದು ಜಿಬಿಗಿಂತ ದೊಡ್ಡದು. ಡಬಲ್ ಕ್ಲಿಕ್ ಮಾಡಿ ಸೆಟಪ್ ಓಡಿಸಿ. ಅಪ್‌ಡೇಟ್ ಈಗ ಇಳಿಸಬೇಕೇ ಎಂದು ಕೇಳಿದರೆ 'ನಾಟ್ ರೈಟ್ ನೌ' ಆರಿಸಿ. ಕಡತ, ಪ್ರೋಗ್ರಾಮ್ ಉಳಿಸಿಕೊಳ್ಳುವ ಆಯ್ಕೆ ಮಂಕಾಗಿ ಕಂಡರೆ ಮುಂದೆ ಹೋಗಬೇಡಿ. ನಿಮ್ಮಲ್ಲಿರುವುದು ಅಮೆರಿಕದ ಇಂಗ್ಲಿಷ್, ತಂದದ್ದು ಇಂಗ್ಲಿಷ್ ಇಂಟರ್‌ನ್ಯಾಷನಲ್, ಅಥವಾ ತಿರುಗಾಮುರುಗಾ ಆಗಿರುವ ಸಾಧ್ಯತೆ ಹೆಚ್ಚು. ಸರಿಯಾದ ಭಾಷೆಯ ಐಎಸ್‌ಒ ತಂದರೆ ಆಯ್ಕೆ ತೆರೆದುಕೊಳ್ಳುತ್ತದೆ.

ಪ್ರತಿ ಸಲವೂ ಬೇರೆ ಬೇರೆ ಕೋಡ್ ಬರುತ್ತಿದ್ದರೆ ತಂತ್ರಾಂಶ ಬಿಟ್ಟು ಯಂತ್ರವನ್ನು ನೋಡಿ. ರ‍್ಯಾಮ್ ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿ. ನಮ್ಮ ತೇವದ ಹವೆಯಲ್ಲಿ ಇದು ಬೇಕಾಗುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಹಾರ್ಡ್‌ಡಿಸ್ಕ್ ಹಳದಿ ಎಚ್ಚರಿಕೆ ತೋರಿಸಿದರೆ, ಮುಖ್ಯವಾಗಿ ಕೆಟ್ಟ ಜಾಗಗಳ ಲೆಕ್ಕ ಇರುವ 05 ಮತ್ತು ಸಿ5 ಸಾಲುಗಳಲ್ಲಿ, ಮತ್ತೊಂದು ಅಪ್‌ಗ್ರೇಡ್ ಪ್ರಯತ್ನ ಖಂಡಿತ ಬೇಡ. ಮೊದಲು ನಕಲು, ಆಮೇಲೆ ಎಸ್‌ಎಸ್‌ಡಿ.

ಇಂಟೆಲ್ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಇದ್ದವರಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕಿಕೊಡುವವರಿದ್ದಾರೆ. ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ, ಮುಂದಿನ ಅಪ್‌ಡೇಟುಗಳ ಖಾತ್ರಿ ಇಲ್ಲ. ವಿಂಡೋಸ್ 10ರ 22ಎಚ್2 ಆವೃತ್ತಿ ಇದ್ದರೆ ವಿಸ್ತರಿತ ಭದ್ರತಾ ಅಪ್‌ಡೇಟಿಗೆ ಸೇರಬಹುದು. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿದರೆ ಹಣ ಬೇಡ, 2026ರ ಅಕ್ಟೋಬರ್ 13ರವರೆಗೆ ನಡೆಯುತ್ತದೆ. ಅದರಾಚೆಗೆ ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್. ಕೇರಳದ ಶಾಲೆಗಳಲ್ಲಿ, ನಮ್ಮ ಕನ್ನಡ ಮಾಧ್ಯಮದ ಶಾಲೆಗಳಲ್ಲೂ, ಮಕ್ಕಳು ಕಲಿಯುವುದು ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆಯಾದ ಕೈಟ್ ಕೊಡುವ ಉಬುಂಟು ಆಧಾರಿತ ಲಿನಕ್ಸಿನಲ್ಲೇ. ಮನೆಯಲ್ಲಿ ಅದನ್ನು ಕಲಿಸಿಕೊಡಲು ಆಗಲೇ ಒಬ್ಬರು ಇದ್ದಾರೆ ಎಂದಾಯಿತು. ಟ್ಯಾಲಿ ಮತ್ತು ಸಹಿಯ ಟೋಕನ್ ಬೇಕಾದವರಿಗೆ ಮಾತ್ರ ಇದು ಹೊಂದುವುದಿಲ್ಲ.

ಅಪ್‌ಗ್ರೇಡ್ ಗೆದ್ದವರು ಕೂಡಲೇ ಡಿಸ್ಕ್ ಕ್ಲೀನಪ್ ಮಾಡಬೇಡಿ. ಹಿಂದಿನ ವಿಂಡೋಸ್ 'ವಿಂಡೋಸ್ ಡಾಟ್ ಓಲ್ಡ್' ಫೋಲ್ಡರಿನಲ್ಲಿ ಉಳಿದಿರುತ್ತದೆ, ರಿಕವರಿಯ 'ಗೋ ಬ್ಯಾಕ್' ಬಟನ್ 10 ದಿನ ಇರುತ್ತದೆ. ಅಷ್ಟರೊಳಗೆ ಪ್ರಿಂಟರಿನಲ್ಲಿ ಒಂದು ಪುಟ ತೆಗೆಯಿರಿ, ಟೋಕನ್ನಿನಲ್ಲಿ ಒಂದು ಸಹಿ ಹಾಕಿ, ನುಡಿಯ ಒಂದು ಹಳೆಯ ಕಡತ ತೆರೆಯಿರಿ. ಯಾವುದಾದರೂ ಕೈಕೊಟ್ಟು ಡ್ರೈವರ್ ಸಿಗದಿದ್ದರೆ ಒಂಬತ್ತನೆಯ ದಿನದ ಮೊದಲೇ ಹಿಂದೆ ಹೋಗಿ.